ಒಂದು ಸಲ ಒತ್ತಿದರೆ ಒಂದೇ

ವಯರನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ ನೋಡುವ ಗಿರಾಕಿಯನ್ನು ನಾನು ಈ ಜನ್ಮದಲ್ಲಿ ಒಬ್ಬರನ್ನೇ ಕಂಡದ್ದು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಕುಲುಕುವವರುಂಟು, ಕಲ್ಲಂಗಡಿಗೆ ಬೆರಳಿನಿಂದ ತಟ್ಟಿ ನೋಡುವವರುಂಟು. ವಯರಿಗೆ ಎಂಥ ಸದ್ದು? ಕಟಪಾಡಿ ಜಂಕ್ಷನ್ನಿನಲ್ಲಿ ಅಪ್ಪ ನಡೆಸುತ್ತಿದ್ದ ಎಲೆಕ್ಟ್ರಿಕಲ್ ಅಂಗಡಿಯನ್ನು ಈಗ ನಾನು ನಡೆಸುತ್ತಿದ್ದೇನೆ. ಹೊರಗೆ ಹೆದ್ದಾರಿ, ಬಸ್ಸುಗಳ ಹಾರ್ನು, ರಿಕ್ಷಾದವರ ಜಗಳ. ಅದರ ನಡುವೆ ಅವರು ಒಂದು ಗೇಣು ವಯರನ್ನು ಎಡಗಿವಿಯ ಹತ್ತಿರ ತಂದು, ಕಣ್ಣು ಮುಚ್ಚಿ, ಆಚೆಗೊಮ್ಮೆ ಈಚೆಗೊಮ್ಮೆ ಬಗ್ಗಿಸುತ್ತ ನಿಲ್ಲುತ್ತಿದ್ದರು.

"ಎಂತ ಹೇಳ್ತದೆ ಅಣ್ಣಾ ನಿಮ್ಮ ವಯರು?" ಎಂದು ನಾನು ಕೆಣಕಿದರೆ, "ಇನ್ನೂ ಹೇಳ್ಲಿಲ್ಲ ಅಕ್ಕ, ಸ್ವಲ್ಪ ತಡೀರಿ" ಎನ್ನುತ್ತಿದ್ದರು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೆಸರು ಬರೆಯುವುದಿಲ್ಲ. ಬರೆದರೂ ಊರಿನವರಿಗೆ ಗೊತ್ತಾಗಲಿಕ್ಕಿಲ್ಲ. ಅವರ ಹೆಸರಿಗಿಂತ ಅವರ ರೂಟ್ ಜನರಿಗೆ ಗೊತ್ತು. ಉಡುಪಿಯಿಂದ ಕಟಪಾಡಿ, ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಅವರು ಕಂಡಕ್ಟರ್ ಆಗಿದ್ದರು. ಕಂಡಕ್ಟರನಿಗೆ ಜಗತ್ತಿನ ಹೆಂಗಸರೆಲ್ಲ ಅಕ್ಕಂದಿರು, ಹಾಗಾಗಿ ವಯಸ್ಸಿನಲ್ಲಿ ಅವರಿಗಿಂತ ಎಷ್ಟೋ ಚಿಕ್ಕವಳಾದ ನಾನೂ ಅಕ್ಕನೇ. ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಬರೆಯುವಾಗ ಕನ್ನಡ ಮಾಡಿಕೊಂಡಿದ್ದೇನೆ, ಅಷ್ಟೇ.

ನಿವೃತ್ತರಾದ ಮೇಲೂ ಬಸ್ಸು ಅವರನ್ನು ಬಿಟ್ಟಿರಲಿಲ್ಲ. ಅಂಗಡಿಗೆ ಬಂದರೆ ಸ್ಟೂಲು ಕೊಟ್ಟರೂ ಕೂರುತ್ತಿರಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುವುದೇ. ನಾಲ್ಕು ಜನ ಗಿರಾಕಿಗಳು ಒಟ್ಟಿಗೆ ಬಂದರೆ ಸಾಕು, ತನ್ನಷ್ಟಕ್ಕೆ ಬಾಯಿಂದ ಬರುತ್ತಿತ್ತು: "ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಖಾಲಿ ಉಂಟು." ನನ್ನ ಅಂಗಡಿಯಲ್ಲಿ ಮುಂದೆ ಇರುವುದು ಗೋಡೆ. ಒಮ್ಮೆ ಒಬ್ಬ ಪ್ಲಂಬರ್ ಪಾಪ ನಿಜವಾಗಿಯೂ ಮುಂದೆ ಹೋಗಿ ಟ್ಯೂಬ್‌ಲೈಟಿನ ರಾಶಿಗೆ ತಾಗಿಸಿಕೊಂಡಿದ್ದ.

ಅವರ ಕೈಯ ಒಂದು ಅಭ್ಯಾಸ ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಬಸ್ಸಿನ ಬಾಗಿಲಿಗೆ ಅಂಗೈಯಿಂದ ಒಂದು ಪೆಟ್ಟು ಹೊಡೆದರೆ ಡ್ರೈವರ್ ನಿಲ್ಲಿಸಬೇಕು. ಎರಡು ಹೊಡೆದರೆ 'ರೈಟ್ ಪೋಯಿ', ಹೊರಡಬೇಕು. ಈ ಒಂದು ಮತ್ತು ಎರಡರಲ್ಲಿ ಅವರ ಇಡೀ ವ್ಯವಹಾರ ನಡೆಯುತ್ತಿತ್ತು. ಮದುವೆಯ ಪಂಕ್ತಿಯಲ್ಲಿ ಸಾಂಬಾರು ಬಡಿಸುವವರಿಗೆ "ಸಾಕು" ಎನ್ನುತ್ತಿರಲಿಲ್ಲ, ಎಲೆಯ ಪಕ್ಕ ನೆಲಕ್ಕೆ ಒಂದು ತಟ್ಟು. ನನ್ನ ಅಂಗಡಿಯಿಂದ ಹೊರಡುವಾಗ ಕೌಂಟರಿಗೆ ಎರಡು ತಟ್ಟು. ಅವರು ಹೋದರೆಂದು ನಾನು ತಲೆ ಎತ್ತಿ ನೋಡಬೇಕಾಗಿಯೇ ಇರಲಿಲ್ಲ.

ಹೆಂಡತಿ ತೀರಿಹೋಗಿ, ಉತ್ತರಕ್ರಿಯೆ ಮುಗಿದು ಕೆಲವೇ ದಿನಗಳಾಗಿದ್ದವು. ಅಂಗಡಿಗೆ ಬಂದು ಚೌಕಟ್ಟಿಗೆ ಒರಗಿ, "ಅಕ್ಕ, ವಿಡಿಯೋ ಗೇಮಿನ ಪೆಟ್ಟಿಗೆಗೆ ಯಾವ ವಯರು ಆಗ್ತದೆ?" ಎಂದು ಕೇಳಿದರು.

ದುಃಖದಲ್ಲಿರುವ ಮನುಷ್ಯನಿಗೆ ತಲೆ ಕೆಟ್ಟಿತೇ ಎಂದು ನನಗೆ ಒಂದು ಕ್ಷಣ ಅನುಮಾನ ಬಂತು. ಆದರೆ ಅವರು ಯಾವ ಪೆಟ್ಟಿಗೆಯ ವಿಷಯ ಹೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಕಟಪಾಡಿಯಲ್ಲಿ ನನ್ನ ಪ್ರಾಯದವರಿಗೆಲ್ಲ ಗೊತ್ತು.

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಬಸ್ಸು ನಿಲ್ಲುವಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಕಾಪುವಿನ ಒಬ್ಬರು ಹಾಕಿದ್ದು. ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂರುತ್ತಿದ್ದದ್ದು ಅವರ ಅಕ್ಕ. ಎತ್ತರದ, ಗಟ್ಟಿ ದನಿಯ ಹೆಂಗಸು. ಆಡಲಿಕ್ಕೆ ಬಂದ ಹುಡುಗರು ಸೋತು ಪೆಟ್ಟಿಗೆಯನ್ನು ಗುದ್ದಿದರೆ ಅವರ ಕಿವಿ ಹಿಂಡುವಷ್ಟು ಧೈರ್ಯ. ಎರಡು ಜನ ಎದುರುಬದುರು ಹೊಡೆದಾಡುವ ಆಟದ ಪೆಟ್ಟಿಗೆ ಅವರ ಕುರ್ಚಿಯ ಪಕ್ಕದಲ್ಲೇ ಇತ್ತು. ನಮ್ಮ ಕಂಡಕ್ಟರು ಟ್ರಿಪ್ಪಿನ ನಡುವೆ ಬಸ್ಸು ನಿಂತಾಗ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಓಡಿ ಬಂದು ಎಡಗಡೆಯ ಹ್ಯಾಂಡಲ್ ಹಿಡಿಯುತ್ತಿದ್ದರು. ಬಲಗಡೆಯದ್ದು ಆಕೆ, ಒಂದು ಕಣ್ಣು ಗಲ್ಲೆಯ ಮೇಲೆ ಇಟ್ಟುಕೊಂಡು. ಒಂದೇ ಒಂದು ದಿನವೂ ಇವರು ಗೆದ್ದದ್ದನ್ನು ನಾನು ಕಂಡಿಲ್ಲ. ಡ್ರೈವರ್ ಹಾರ್ನ್ ಹೊಡೆದ ಕೂಡಲೇ ಆಕೆ ಪೆಟ್ಟಿಗೆಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದರು, "ರೈಟ್ ಪೋಯಿ!" ಇವರು ನಗುತ್ತ ಓಡುತ್ತಿದ್ದರು. ಇಂಥದ್ದು ಎಷ್ಟು ದಿನ ಗುಟ್ಟಾಗಿ ಉಳಿಯುತ್ತದೆ? ಮರುವರ್ಷ ಮದುವೆಯಾಯಿತು. ಅಂಗಡಿ ಮುಚ್ಚಿತು. ಮಕ್ಕಳಾಗಲಿಲ್ಲ. ಅವರಿಬ್ಬರ ನಡುವೆ ಆ ಒಂದು-ಎರಡರ ಭಾಷೆ ಮಾತ್ರ ಉಳಿಯಿತು.

"ಅದೇ ತರದ್ದು ಮನೆಯಲ್ಲಿ ಒಂದು ಮಾಡ್ಬೇಕು ಅಂತ," ಎಂದರು. "ಪ್ಲೈವುಡ್ಡಿನ ಪೆಟ್ಟಿಗೆ ಆಗಿದೆ. ಟಿವಿ ಉಂಟು. ಮಣಿಪಾಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರು ಗೇಮ್ ತುಂಬಿಸಿದ ಸಣ್ಣ ಬೋರ್ಡು ಕೊಟ್ಟಿದ್ದಾರೆ. ಹ್ಯಾಂಡಲು, ಬಟನ್ನು ಎಲ್ಲ ತರಿಸಿದೆ. ಇನ್ನು ಬಟನ್ನಿನಿಂದ ಬೋರ್ಡಿಗೆ ವಯರು ಎಳೆಯುವುದೊಂದೇ ಬಾಕಿ."

ನಾನು ವ್ಯಾಪಾರದವಳು. ಬಟನ್ನಿನಿಂದ ಬೋರ್ಡಿಗೆ ಹೋಗುವುದು ಕರೆಂಟೇ ಅಲ್ಲ ಎನ್ನುವಷ್ಟು ಸ್ವಲ್ಪ. ಅದಕ್ಕೆ ಎಂಥದ್ದಾದರೂ ಆದೀತು. ಇಂಟರ್ನೆಟ್ ಕೇಬಲಿನ ಒಂದು ತುಂಡು ಬಿದ್ದಿತ್ತು. ಸುಲಿದರೆ ಒಳಗೆ ಬಣ್ಣಬಣ್ಣದ ಎಂಟು ಎಳೆ. ಬಟನ್ನಿಗೊಂದು ಬಣ್ಣ, ಲೆಕ್ಕ ತಪ್ಪುವುದಿಲ್ಲ ಎಂದು ಕೊಟ್ಟೆ. ಅವರು ಒಂದು ಎಳೆಯನ್ನು ಎಳೆದು ತುದಿ ನೋಡಿದರು. ಒಳಗೆ ಒಂದೇ ತಾಮ್ರದ ತಂತಿ. ಬೆಂಕಿ ಮುಟ್ಟಿದ ಹಾಗೆ ಕೆಳಗಿಟ್ಟರು.

"ಒಂಟಿ ತಂತಿ ಬೇಡ ಅಕ್ಕ."

"ಅದಕ್ಕೆಂತ ಆಗಿದೆ? ಮನೆ ವಯರಿಂಗೆಲ್ಲ ಮೊದಲು ಅದರಲ್ಲೇ ಅಲ್ವಾ?"

"ಗೋಡೆಯೊಳಗೆ ಅಲ್ಲಾಡದೆ ಕೂತಿದ್ದರೆ ಅದು ನೂರು ವರ್ಷ ಇರಬಹುದು. ಅಲ್ಲಾಡಿದರೆ ಒಳಗೊಳಗೇ ತುಂಡಾಗ್ತದೆ. ಮೇಲಿನ ಪ್ಲಾಸ್ಟಿಕ್ ಹಾಗೇ ಇರ್ತದೆ. ತುಂಡಾದ ಎರಡು ತುದಿ ಒಮ್ಮೆ ತಾಗ್ತದೆ, ಒಮ್ಮೆ ಬಿಡ್ತದೆ. ನೀವು ಒತ್ತುವುದು ಒಂದು ಸಲ, ಅದು ಹೇಳುವುದು ಎರಡು ಸಲ."

ಇದನ್ನು ಹೇಳುವಾಗ ಅವರು ನನ್ನನ್ನು ನೋಡುತ್ತಿರಲಿಲ್ಲ. ನನಗಾಗ ಅರ್ಥವಾಗಲಿಲ್ಲ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಅಂದೇ ಅವರು ಮೊದಲ ಸಲ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದರು.

ಹೆಂಡತಿಗೆ ಪಾರ್ಶ್ವವಾಯು ಬಡಿದದ್ದು ಊರಿಗೆಲ್ಲ ಗೊತ್ತಿತ್ತು. ಆ ಗಟ್ಟಿ ದನಿ ಪೂರ್ತಿ ಹೋಯಿತು. ಒಂದು ಕೈ ಮಾತ್ರ ಆಡುತ್ತಿತ್ತು. ಇವರು ಮಂಚಕ್ಕೆ ಒಂದು ಬೆಲ್ ಸ್ವಿಚ್ ಕಟ್ಟಿದರು. ಮನೆಯಲ್ಲಿ ಉಳಿದಿದ್ದ ಹಳೆಯ ಟೆಲಿಫೋನ್ ತಂತಿಯನ್ನು ಮಂಚದ ಕೆಳಗಿನಿಂದ ಎಳೆದು ಅಡುಗೆಮನೆಯ ಬಾಗಿಲಿಗೆ ಒಂದು ಬಜರ್ ಹಾಕಿದರು. ಭಾಷೆ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಒಂದು ಸದ್ದು ಕೇಳಿದರೆ ನಿಲ್ಲು, ಬಾ. ಎರಡು ಕೇಳಿದರೆ ಏನಿಲ್ಲ, ರೈಟ್, ಹೋಗು. ಅವರು ಹೊರಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು "ಹೋಗಲಾ?" ಎಂದು ಕೇಳುವುದು, ಆಕೆ ಎರಡು ಒತ್ತುವುದು, ಇವರು ಹೊರಡುವುದು. ದಿನವೂ ಹೀಗೆ.

ಆ ದಿನ ಬೆಳಿಗ್ಗೆ ಇವರು ಮೀನು ತರಲಿಕ್ಕೆಂದು ಚೀಲ ಹಿಡಿದು ಅಂಗಳಕ್ಕಿಳಿದು, ಅಲ್ಲಿಂದಲೇ "ಹೋಗಲಾ?" ಎಂದು ಕೇಳಿದರು. ಬಜರು ಎರಡು ಸಲ ಹೊಡೆಯಿತು. ಹೋದರು. ಬಂಗುಡೆ ತಂದು ಬಾಗಿಲು ತೆಗೆದಾಗ ಆಕೆಯಲ್ಲಿ ಜೀವ ಇರಲಿಲ್ಲ. ಬೆರಳು ಇನ್ನೂ ಬಟನ್ನಿನ ಮೇಲೆಯೇ ಇತ್ತು.

ಕ್ರಿಯೆಗಳು ಮುಗಿದ ಮೇಲೆ ಮಂಚ ಸರಿಸಿ, ಆ ಬೆಲ್ಲನ್ನು ಬಿಚ್ಚುವ ಮೊದಲು ಸುಮ್ಮನೆ ಒಂದು ಸಲ ಒತ್ತಿದರಂತೆ. ಬಜರು ಎರಡು ಸಲ ಹೊಡೆಯಿತು. ಪುನಃ ಒತ್ತಿದರು, ಒಂದು. ಪುನಃ, ಎರಡು. ದಿನಾ ಗುಡಿಸುವಾಗ ಮಂಚ ಎಳೆದು ಎಳೆದು, ಮಂಚದ ಕಾಲಿನ ಹತ್ತಿರ ತಂತಿ ಒಳಗೆ ತುಂಡಾಗಿತ್ತು.

ಅಂಗಿಯ ಜೇಬಿನಿಂದ ಮಣ್ಣಿನ ಬಣ್ಣದ ಒಂದು ತುಂಡು ತಂತಿ ತೆಗೆದು ಕೌಂಟರಿನ ಮೇಲಿಟ್ಟರು. "ಅಕ್ಕ, ನೀವು ವಯರಿನಲ್ಲೇ ಹುಟ್ಟಿ ಬೆಳೆದವರು. ಇದು ಆ ದಿನಕ್ಕಿಂತ ಮೊದಲೇ ತುಂಡಾಗಿತ್ತಾ, ಅಲ್ಲ ನಾನು ಮಂಚ ಸರಿಸುವಾಗ ತುಂಡಾದದ್ದಾ? ಹೇಳ್ಲಿಕ್ಕೆ ಆಗ್ತದಾ?"

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ನಮ್ಮದು ಸಮುದ್ರದ ಗಾಳಿ. ತಾಮ್ರ ತುಂಡಾಗಿ ಸ್ವಲ್ಪ ಕಾಲವಾದರೆ ತುದಿ ಕಪ್ಪಾಗುತ್ತದೆ. ಈಚೆಗೆ ತುಂಡಾದದ್ದಾದರೆ ಕೆಂಪಗೆ ಹೊಳೆಯುತ್ತದೆ. ಸುಲಿದು ನೋಡಿದರೆ ಅಂದಾಜು ಸಿಗಬಹುದು. ಆದರೆ ಈಗಲೇ ನೋಡಬೇಕು. ತಡವಾದರೆ ಹೇಗೂ ಕಪ್ಪೇ, ಆಮೇಲೆ ಯಾರಿಂದಲೂ ಹೇಳಲಿಕ್ಕಾಗುವುದಿಲ್ಲ. ಹೇಳುತ್ತ ಹೇಳುತ್ತ ನಾನು ಬ್ಲೇಡು ತೆಗೆದುಕೊಂಡಿದ್ದೆ.

ಅವರು ಕೌಂಟರಿಗೆ ಅಂಗೈಯಿಂದ ಒಂದು ತಟ್ಟಿದರು. ಒಂದೇ. ನಾನು ನಿಲ್ಲಿಸಿದೆ.

"ಬೇಡ ಅಕ್ಕ. ಕಪ್ಪಾಗಿದ್ದರೆ ಅವಳು ನನ್ನನ್ನು ಬಾ ಅಂತ ಕರೆದದ್ದು, ನಾನು ಮೀನಿಗೆ ಹೋದದ್ದು. ಅದನ್ನು ಇಟ್ಟುಕೊಂಡು ಬದುಕುವುದು ಹೇಗೆ? ಹೊಳೆಯುತ್ತಿದ್ದರೆ ತನ್ನ ಹೊತ್ತು ಮುಗಿಯಿತೆಂದು ಅವಳಿಗೆ ಗೊತ್ತಿದ್ದು, ಗೊತ್ತಿದ್ದೇ ನನ್ನನ್ನು ಹೋಗು ಅಂತ ಕಳಿಸಿದ್ದು. ಅದನ್ನು ಇಟ್ಟುಕೊಂಡು ಬದುಕುವುದಾದರೂ ಹೇಗೆ?"

ತುಂಡನ್ನು ಜೇಬಿಗೆ ಹಾಕಿಕೊಂಡರು. ನಾನು ಬ್ಲೇಡನ್ನು ಡ್ರಾಯರಿನಲ್ಲಿಟ್ಟೆ. ಸಮಾಧಾನದ ಮಾತು ನನಗೆ ಬರುವುದಿಲ್ಲ, ಬರುವುದು ವಯರಿನ ಮಾತು. "ಹಲವು ಎಳೆ ಇರುವ ವಯರು ಕೊಡ್ತೇನೆ," ಎಂದೆ. "ಒಳಗೆ ಕೂದಲಿನ ಹಾಗೆ ಎಳೆಗಳು. ಒಂದು ತುಂಡಾದರೂ ಉಳಿದವು ಹಿಡ್ಕೊಳ್ತವೆ."

ಆಮೇಲೆ ಅವರು ನನ್ನ ತಲೆ ತಿಂದದ್ದು ಅಷ್ಟಿಷ್ಟಲ್ಲ. ತೆಳುವಾದದ್ದು ಕೊಟ್ಟರೆ ಎಳೆ ಸಾಲದು, ದಪ್ಪದ್ದು ಕೊಟ್ಟರೆ ಬಟನ್ನಿನ ಕಾಲನ್ನೇ ಎಳೆದು ಬಗ್ಗಿಸುತ್ತದೆ. ಸ್ಪೀಕರ್ ವಯರು ಮೆದುವಾಯಿತು, ಮೇಲಿನ ಪ್ಲಾಸ್ಟಿಕ್ ಬೇಗ ಜಿಗುಟಾಗುತ್ತದೆ. ಬೈಕಿಗೆ ಹಾಕುವ ವಯರನ್ನು ಕಿವಿಯ ಹತ್ತಿರ ಹಿಡಿದು ಬಹಳ ಹೊತ್ತು ಬಗ್ಗಿಸಿ, "ಇದು ಮಾತಾಡುವುದಿಲ್ಲ" ಎಂದು ತೃಪ್ತಿಯಿಂದ ತಲೆಯಾಡಿಸಿದರು. ಸದ್ದು ಮಾಡದ ವಯರು ಅವರಿಗೆ ಬೇಕಾಗಿದ್ದದ್ದು ಎಂದು ನನಗೆ ಗೊತ್ತಾದದ್ದು ಆಗಲೇ. ಬೆಸುಗೆ ಹಾಕಲಿಕ್ಕೆ ಒಪ್ಪಲಿಲ್ಲ. ಸೀಸ ಕುಡಿದ ಎಳೆಗಳು ಗಟ್ಟಿಯಾಗಿ, ಬೆಸುಗೆ ಮುಗಿಯುವಲ್ಲಿ ಒಂಟಿ ತಂತಿಯ ಹಾಗೆಯೇ ತುಂಡಾಗುತ್ತವೆ ಎಂದು ಅವರ ವಾದ. ಪ್ರತಿ ತುದಿಗೆ ಲಗ್ ಎನ್ನುವ ತಗಡಿನ ಟೊಪ್ಪಿ ಒತ್ತಿಸಿ ಸಿಕ್ಕಿಸಿದರು. ಎಲ್ಲ ಬಟನ್ನುಗಳನ್ನು ಒಂದರಿಂದ ಒಂದಕ್ಕೆ ಮುಟ್ಟಿಸಿಕೊಂಡು ಹೋಗುವ ಒಂದು ಕಪ್ಪು ವಯರು ಉಂಟಲ್ಲ, ಅದನ್ನು ಕೊನೆಯ ಬಟನ್ನಿನಲ್ಲಿ ನಿಲ್ಲಿಸದೆ ತಿರುಗಿ ಬೋರ್ಡಿಗೇ ತಂದು ಸೇರಿಸಿದರು.

"ಇದೆಂತಕ್ಕೆ ಅಣ್ಣ, ಸುಮ್ಮನೆ ಉದ್ದ?"

"ರೌಂಡ್ ಟ್ರಿಪ್ ಅಕ್ಕ. ನಡುವೆ ಎಲ್ಲಿಯಾದರೂ ರಸ್ತೆ ಬಂದಾದರೆ ಆಚೆಯಿಂದ ಬರಬಹುದು. ಶಿರ್ವದಲ್ಲಿ ಮರ ಬಿದ್ದರೆ ಕಾರ್ಕಳದವರು ಊಟ ಬಿಡ್ತಾರಾ?"

ಎಲ್ಲ ಮುಗಿದ ದಿನ ನನ್ನನ್ನು ಮನೆಗೆ ಕರೆದರು. ಪಕ್ಕದ ಮನೆಯಲ್ಲಿರುವ ಅವರ ಭಾವ, ಅಂದರೆ ಆ ಕಾಲದಲ್ಲಿ ಗೇಮ್ ಅಂಗಡಿ ಹಾಕಿದ್ದ ಹೆಂಡತಿಯ ತಮ್ಮ, ಅವರೂ ಇದ್ದರು. ಆಕೆಯ ಮಂಚವಿದ್ದ ಜಾಗದಲ್ಲಿ ಪೆಟ್ಟಿಗೆ ನಿಂತಿತ್ತು. ಮುಚ್ಚಳ ಎತ್ತಿ ಒಳಗಿನ ವಯರಿಂಗ್ ತೋರಿಸಿದರು. ಜಡೆ ಹೆಣೆದ ಹಾಗೆ ಅಚ್ಚುಕಟ್ಟು. ಬಲಗಡೆ ಮಾತ್ರ, ಎರಡನೆಯ ಆಟಗಾರ ಆಟಕ್ಕೆ ಸೇರಲಿಕ್ಕೆ ಒತ್ತುವ ಬಟನ್ನಿಗೆ, ಮಣ್ಣಿನ ಬಣ್ಣದ ಅದೇ ಹಳೇ ತಂತಿ.

ನನಗೆ ಸಿಟ್ಟೇ ಬಂತು. "ಇಷ್ಟು ದಿನ ನನ್ನ ಅಂಗಡಿಯ ವಯರನ್ನೆಲ್ಲ ಬಗ್ಗಿಸಿ ಹಾಳು ಮಾಡಿ, ಕೊನೆಗೆ ಇದನ್ನು ಹಾಕಿದ್ದಾ?"

"ಅವಳ ಬೆರಳಿಗೆ ಅಭ್ಯಾಸ ಇದರದ್ದೇ ಅಲ್ವಾ," ಎಂದರು. ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಭಾವ ಹೊರಗೆ ಹೋಗಿ ನಿಂತರು.

ಅವರು ಆಡುವುದನ್ನು ಒಂದೆರಡು ಸಲ ನೋಡಿದ್ದೇನೆ. ಎಡಗಡೆ ತಾವು ಒತ್ತಿ, ಬಲಗಡೆಯ ಬಟನ್ನನ್ನೂ ಕೈಚಾಚಿ ಒಮ್ಮೆ ಒತ್ತುತ್ತಿದ್ದರು. ಕೆಲವೊಮ್ಮೆ ಎರಡನೆಯ ಗೊಂಬೆ ಪರದೆಯ ಮೇಲೆ ಬರುತ್ತಿತ್ತು, ಕೆಲವೊಮ್ಮೆ ಇಲ್ಲ. ಬಂದರೆ ಇವರ ಗೊಂಬೆ ಅದಕ್ಕೆ ಹೊಡೆಯುತ್ತಿರಲಿಲ್ಲ. ನಡೆದುಕೊಂಡು ಹತ್ತಿರ ಹೋಗಿ ನಿಲ್ಲುತ್ತಿತ್ತು. ಸಮಯ ಮುಗಿಯುವವರೆಗೆ ಎರಡೂ ಹಾಗೇ ಉಸಿರಾಡುತ್ತ ನಿಂತಿರುತ್ತಿದ್ದವು. ಅಂಗಡಿಗೆ ಬಂದಾಗ, ಹವೆಯ ವಿಷಯ ಹೇಳುವ ಹಾಗೆ, "ನಿನ್ನೆ ಬರ್ಲಿಲ್ಲ ಅಕ್ಕ" ಎನ್ನುತ್ತಿದ್ದರು. ಇಲ್ಲವೇ "ಇವತ್ತು ಒಂದೇ ಒತ್ತಿಗೆ ಬಂದ್ಳು." ಮಳೆಗಾಲದ ಥಂಡಿಗೆ ತಾಮ್ರದ ತುದಿಗಳು ತಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೂ ಅದು ಗೊತ್ತಿತ್ತು.

ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯಲ್ಲಿ, ಸತ್ತವರಿಗೆ ಬಡಿಸುವ ಕ್ರಮ ನಮ್ಮಲ್ಲುಂಟು. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ದೀಪ ಇಟ್ಟು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಉಣ್ಣುವವರನ್ನು ನೋಡಬಾರದು. ಸ್ವಲ್ಪ ಹೊತ್ತಿನ ಮೇಲೆ ತೆರೆಯುವ ಮೊದಲು ಬಾಗಿಲು ತಟ್ಟಬೇಕು, ಒಳಗಿದ್ದವರಿಗೆ ಎದ್ದು ಹೋಗಲಿಕ್ಕೆ ತಿಳಿಯಲಿ ಎಂದು. ಹೆಂಡತಿಗೆ ಮೊದಲ ಸಲ ಬಡಿಸಿದ ವರ್ಷ ನಾನೂ ಹೋಗಿದ್ದೆ, ಅವರು ಎಲೆಯನ್ನು ಆ ಪೆಟ್ಟಿಗೆಯ ಎದುರಿಗೇ ಹಾಕಿ, ಪೆಟ್ಟಿಗೆಯನ್ನು ಚಾಲೂ ಮಾಡಿ ಬಾಗಿಲು ಹಾಕಿದರು. ತೆರೆಯುವ ಹೊತ್ತಿಗೆ ಒಂದೇ ಒಂದು ಪೆಟ್ಟು ತಟ್ಟಿ ಕೈ ಕೆಳಗಿಳಿಸಿದರು. "ಸರಿಯಾಗಿ ತಟ್ಟಿ ಭಾವ, ಅಕ್ಕನಿಗೆ ಕೇಳ್ಬೇಕಲ್ವಾ" ಎಂದು ಭಾವ ಹೇಳಿದರೆ, "ಕೇಳಿದೆ ಅವಳಿಗೆ" ಎಂದರು. ಭಾವನಿಗೆ ಅದು ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಒಂದು ಎಂದರೆ ನಿಲ್ಲು. ಮುಂದಿನ ವರ್ಷವೂ ಅವರು ಒಂದೇ ತಟ್ಟಿದರಂತೆ.

ಈ ಆಟಿಯಲ್ಲಿ ಭಾವ ಅಂಗಡಿಗೆ ಬಂದರು. "ಇಬ್ಬರಿಗೂ ಬಡಿಸಬೇಕು. ಆ ಪೆಟ್ಟಿಗೆ ಚಾಲೂ ಮಾಡ್ಲಿಕ್ಕೆ ನಮಗೆ ಗೊತ್ತಿಲ್ಲ. ನೀವೇ ಬನ್ನಿ ಮಾರಾಯ್ರೆ."

ಮುಸ್ಸಂಜೆಗೆ ಹೋದೆ. ಎಲೆ ಎರಡು ಹಾಕಿದ್ದರು. ಕೋಳಿ ಸಾರು, ರೊಟ್ಟಿ, ಪತ್ರೊಡೆ, ಒಂದು ಎಲೆಯಲ್ಲಿ ಬಂಗುಡೆ ಹುರಿದದ್ದು. ಯಾವ ಎಲೆ ಯಾರದ್ದು ಎಂದು ಕೇಳಬೇಕಾಗಿರಲಿಲ್ಲ, ಒಂದು ಎಡಕ್ಕೆ, ಒಂದು ಬಲಕ್ಕೆ. ಪೆಟ್ಟಿಗೆಯ ಸ್ವಿಚ್ ಹಾಕಿದೆ. ಎಡಗಡೆಯ ಬಟನ್ ಒತ್ತಿದೆ, ಅವರ ಗೊಂಬೆ ಬಂತು. ಬಲಗಡೆಯದ್ದಕ್ಕೆ ಬೆರಳು ತಂದವಳು ಹಿಂದೆಗೆದೆ. ಮುಚ್ಚಳ ತೆರೆದು ಆ ಹಳೆಯ ತಂತಿಯನ್ನು ಸುಲಿದು ನೋಡಬೇಕು ಎಂದು ಮನಸ್ಸಿಗೆ ಬಾರದೆ ಇರಲಿಲ್ಲ. ಆದರೆ ಈಗ ಅದು ಹೇಗೂ ಕಪ್ಪಾಗಿರುತ್ತದೆ. ನೋಡಬೇಕಾದ ಕಾಲ ಅವರು ಕೌಂಟರಿಗೆ ಒಂದು ತಟ್ಟಿದ ಮಧ್ಯಾಹ್ನವೇ ಮುಗಿದಿತ್ತು.

ಬಾಗಿಲು ಹಾಕಿ ಹೊರಗೆ ನಿಂತೆವು. ಜಿಟಿಜಿಟಿ ಮಳೆ. ಒಳಗಿನಿಂದ ಆಟದ ಸಂಗೀತ ಸಣ್ಣಗೆ ಕೇಳುತ್ತಿತ್ತು, ಒಂದೇ ರಾಗ ತಿರುತಿರುಗಿ. ನನಗೆ ಹೆದರಿಕೆಯಾಯಿತು. ಒಳಗಿನಿಂದ ಇನ್ನೇನಾದರೂ ಕೇಳೀತು ಎಂದಲ್ಲ. ಅವರು ಇನ್ನೂ ಕೇಳುತ್ತ ನಿಂತಿದ್ದರೆ ಎಂದು. ಬದುಕಿದ್ದಾಗ ಪಟ್ಟದ್ದು ಸಾಲದೆ, ಸತ್ತ ಮೇಲೂ ಒಂದೋ ಎರಡೋ ಎಂದು ಕಿವಿಗೊಟ್ಟು ನಿಂತಿದ್ದರೆ ಎಂದು.

ಹೊತ್ತಾಯಿತು. ಭಾವ ಮುಂದೆ ಹೋಗಿ, ನಮ್ಮ ಕಂಡಕ್ಟರು ಮಾಡುತ್ತಿದ್ದ ಹಾಗೆಯೇ, ಬಾಗಿಲಿಗೆ ಒಂದು ಪೆಟ್ಟು ತಟ್ಟಿ ಚಿಲಕಕ್ಕೆ ಕೈ ಹಾಕಿದರು.

"ತಡೀರಿ, ಇನ್ನೊಂದು ಉಂಟು" ಎಂದೆ. ಆ ಮನೆಯವಳಲ್ಲದ ನಾನು ಅಂಗೈ ಬಿಡಿಸಿ ಆ ಬಾಗಿಲಿಗೆ ಎರಡನೆಯ ಪೆಟ್ಟು ಹೊಡೆದೆ.